ಎಣ್ಣೆಯ ಮೇಲೆ ನಿಂತ ಗಾಡಿ

ಭಾವನ ಹಳೆಯ ಎಸ್‌ಯುವಿ ಮುಂಗಾಲು ಮಡಚಿದ ಎತ್ತಿನ ಹಾಗೆ ಅಂಗಳದಲ್ಲಿ ಕುಸಿದಿತ್ತು. ಸಸ್ಪೆನ್ಶನ್ನಿನ ಎಣ್ಣೆ ಸೋರಿ ಕಲ್ಲುಹಾಸಿನ ಮೇಲೆ ಹರಡಿತ್ತು. ಭಾವ ಹೊಸ ಎಣ್ಣೆ ಸುರಿದು, ಬಟನ್ ಒತ್ತಿ ಗಾಡಿಯನ್ನು ಮೇಲೆತ್ತಿ, ಇಂಜಿನ್ ಆರಿಸಿ, ಸೋರುವ ಜಾಗ ನೋಡಲು ಅದರಡಿಗೆ ತೂರಿದ.

"ಜಾಕ್ ಕೊಡದೆ ಹೋಗ್ಬೇಡ ಭಾವ! ಗಾಡೀನ ಎತ್ತಿ ಹಿಡಿದಿರೋದೇ ಆ ಎಣ್ಣೆ. ಅದೇ ಸೋರ್ತಿದೆ," ಎಂದು ಗದರಿದೆ.

"ಎತ್ತೋಕೆ ಬಟನ್ ಇರುವಾಗ ಜಾಕ್ ಯಾಕೋ? ನಿನ್ನ ಬಾಯಿಗಿಂತ ಕಮ್ಮಿನೇ ಸೋರುತ್ತೆ ಬಿಡು," ಎಂದು ಅಡಿಯಿಂದಲೇ ನಕ್ಕ. ಬಾಗಿಲಲ್ಲಿ ನಿಂತಿದ್ದ ಅಕ್ಕನೂ ಕಿಸಕ್ಕೆಂದಳು.

ನನಗೆ ಪಿತ್ತ ನೆತ್ತಿಗೇರಿತು. "ಸಾಯಿ ಅತ್ಲಾಗೆ," ಎಂದು ಗೇಟಿನತ್ತ ಹೊರಟೆ. ಅಷ್ಟರಲ್ಲಿ ತೊಟ್ಟಿಕ್ಕುವ ಸದ್ದು ಧಾರೆಯ ಸದ್ದಾಯಿತು. ತಿರುಗಿ ನೋಡಿದರೆ ಚಕ್ರದ ಮೇಲಿನ ಸಂದು ಸಣ್ಣಗಾಗುತ್ತಿತ್ತು.

"ಭಾವ, ಹೊರಗೆ ಬಾ!"

"ಪೈಪು ಬಿರುಕು ಬಿಟ್ಟಿದೆ. ಬಟ್ಟೆ ಒತ್ತಿ ಹಿಡ್ಕೊಂಡಿದೀನಿ." ಈಗ ಅವನ ದನಿಯಲ್ಲಿ ನಗುವಿರಲಿಲ್ಲ. "ಗಾಡಿ ಎದೆಗೆ ತಾಗ್ತಿದೆ ಕಣೋ. ಹೊರಳೋಕಾಗ್ತಿಲ್ಲ."

ನಾನು ಬಂಪರಿಗೆ ಭುಜ ಕೊಟ್ಟೆ. ಅದು ಮಿಸುಕಲಿಲ್ಲ.

"ಅಕ್ಕಾ, ಜಾಕ್ ಎಲ್ಲಿ?"

"ಗಾಡಿಯೊಳಗೇ ಇದೆ, ಮುಂದಿನ ಸೀಟಿನಡಿ. ತಾಳು, ತರ್ತೀನಿ!" ಎನ್ನುತ್ತಲೇ ಅವಳು ಓಡಿದಳು.

"ಹತ್ತಬೇಡ ಅಕ್ಕಾ!" ಎಂದು ನಾನು ಕಿರುಚುವ ಹೊತ್ತಿಗೆ ಅವಳ ಎರಡೂ ಕಾಲು ಗಾಡಿಯೊಳಗಿದ್ದವು.