ನಾಲ್ಕನೇ ಹಾಡಿನ ಹೆಂಗಸು

ನನ್ನ ಅಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಒಬ್ಬ ಹಲ್ಲಿನ ಡಾಕ್ಟರಮ್ಮನಿಂದ, ಎರಡನೇ ಗೇರಿನಲ್ಲಿ. ಅಮ್ಮ ಆ ಹೊತ್ತಿಗೆ ಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಾ, ಟಿವಿಯೊಳಗಿನ ಯಾವಳೋ ಸೊಸೆಗೆ ಬುದ್ಧಿ ಹೇಳುತ್ತಾ ಕೂತಿದ್ದಳು.

ನಾನು ಡ್ರೈವಿಂಗ್ ಕಲಿಸುವವಳು. ನನ್ನ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕ್, ನನ್ನ ಕಾಲಡಿ ಇನ್ನೊಂದು. ಕಲಿಯಲು ಬಂದವರು ಸುಮ್ಮನಿದ್ದರೆ ಕೈ ನಡುಗುತ್ತದೆ, ಅದಕ್ಕೇ ಮಾತಾಡುತ್ತಾರೆ. ಮುರಿದುಕೊಂಡ ಮದುವೆ, ಮುರಿಯಲು ಧೈರ್ಯ ಸಾಲದ ಮದುವೆ, ಅತ್ತೆಯ ಕಾಟ, ಆಫೀಸಿನ ಮೇಲಿನವನ ಕಾಟ, ಎಲ್ಲವನ್ನೂ ರಸ್ತೆ ನೋಡುತ್ತಲೇ ನನಗೆ ಒಪ್ಪಿಸುತ್ತಾರೆ. ಮುಖ ನೋಡಬೇಕಾಗಿಲ್ಲವಲ್ಲ, ಅದೇ ಅವರಿಗೆ ಅನುಕೂಲ. ಈ ಡಾಕ್ಟರಮ್ಮನಿಗೆ ಮಾತ್ರ ಮಾತಿಗಿಂತ ಹಾಡು ಬೇಕಿತ್ತು. ಫೋನನ್ನು ಕಾರಿಗೆ ಸಿಕ್ಕಿಸಿ ‘ಅರ್ಧ ಶಟರ್’ ಹಾಕಿದಳು.

‘ಅರ್ಧ ಶಟರ್’ ನನ್ನ ತಮ್ಮನ ಬ್ಯಾಂಡಿನ ಆಲ್ಬಮ್. ಯಾವ ಕಂಪನಿಯೂ ಹಣ ಹಾಕದೆ, ನಾಲ್ಕು ಹುಡುಗರು ತಾವೇ ಬಾರಿಸಿ, ತಾವೇ ಹೊರತಂದ ರಾಕ್ ಹಾಡುಗಳು. ಬಂದಾಗ ಒಂದು ನಾಯಿಯೂ ತಿರುಗಿ ನೋಡಲಿಲ್ಲ. ಈಗ ವರ್ಷಗಳಾದ ಮೇಲೆ ಯಾರೋ ಎತ್ತಿಕೊಂಡು ಮೆರೆಸಿದ್ದಾರೆ, ಊರಿಗೆಲ್ಲ ಹುಚ್ಚು ಹಿಡಿದಿದೆ. ರೇಡಿಯೋದವರು, ಟಿವಿಯವರು ಎಲ್ಲರೂ ತಮ್ಮನನ್ನು ಕರೆದು ಕೂರಿಸಿ, ಒಂದೊಂದು ಹಾಡಿನ ಹಿಂದಿನ ಕಥೆ ಹೇಳಿ ಎನ್ನುತ್ತಾರೆ. ಅವನು ಹೇಳುತ್ತಾನೆ.

“ಈ ಬ್ಯಾಂಡ್ ಗೊತ್ತಾ ಮೇಡಂ ನಿಮಗೆ?” ಎಂದಳು. ಕೇಳಿದ ಹಾಗಿದೆ ಎಂದೆ. ನನ್ನ ತಮ್ಮ ಎಂದು ಬಾಯಿಬಿಟ್ಟರೆ ಆಮೇಲೆ ಯಾರೂ ರಸ್ತೆ ನೋಡುವುದಿಲ್ಲ, ಅದು ನನ್ನ ಅನುಭವ.

ಮೊದಲ ಹಾಡು ‘ಒಂಟಿ ಚಪ್ಪಲಿ’. ಅದು ಮನೆ ಕಳೆದುಕೊಂಡು ಓಡಿದವರ ನೋವಂತೆ, ಡಾಕ್ಟರಮ್ಮ ವಿವರಿಸಿದಳು. ನಿಜ ಹೇಳಬೇಕೆಂದರೆ ಪಕ್ಕದ ಮನೆಯ ನಾಯಿ ತಮ್ಮನ ಹೊಸ ಚಪ್ಪಲಿಯಲ್ಲಿ ಒಂದನ್ನು ಕಚ್ಚಿಕೊಂಡು ಹೋಗಿತ್ತು. ಮೂರನೆಯದು ‘ಮಹಡಿಯ ಬೆಳಕು’; ಅದು ಸಿಗದೇ ಹೋದ ಅರಿವಿನ ಹಾಡಂತೆ. ಮೇಲಿನ ಮನೆಯವರು ರಾತ್ರಿಯಿಡೀ ದೀಪ ಉರಿಸುತ್ತಾರೆಂದು ಇವನು ಕಲ್ಲು ಬೀರಿ, ಗಾಜು ಒಡೆದು, ಅಪ್ಪ ಹೋಗಿ ಕೈಮುಗಿದು ಬಂದಿದ್ದರು. ನಾನು ಒಳಗೊಳಗೇ ನಕ್ಕೆ. ಹಾಡು ಅಂದಮೇಲೆ ಸ್ವಲ್ಪ ಒಗ್ಗರಣೆ ಬೇಡವೇ?

ಆಮೇಲೆ ನಾಲ್ಕನೆಯದು ಬಂತು, ‘ತಡವಾಗಿ ಬಂದವನು’. ಡಾಕ್ಟರಮ್ಮ ಧ್ವನಿ ತಗ್ಗಿಸಿದಳು. ತಾಯಿ ಸಾಯುವಾಗ ಇವನು ಆಸ್ಪತ್ರೆಗೆ ತಡವಾಗಿ ಹೋದನಂತೆ. ಹಾಡಿನ ಹಿಂದೆ ದೂರದಲ್ಲೊಂದು ಹೆಂಗಸಿನ ದನಿ ಕೇಳುತ್ತದಲ್ಲ, ಅದು ಆ ತಾಯಿ ಸಾಯುವ ಮುಂಚೆ ಹಾಡಿದ್ದಂತೆ. “ಕೇಳಿ, ಈಗ ಬರುತ್ತೆ,” ಎಂದು ಕಣ್ಣೊರೆಸಿಕೊಳ್ಳಲು ಸ್ಟಿಯರಿಂಗಿನಿಂದ ಕೈ ತೆಗೆದಳು. ನಾನು ಬ್ರೇಕ್ ತುಳಿದೆ. ಹಿಂದಿನ ಗಾಡಿಯವನು ನಮ್ಮಿಬ್ಬರ ವಂಶವನ್ನೂ ಜಾಲಾಡಿ ಮುಂದೆ ಹೋದ.

ಏಕೆಂದರೆ ಆ ದನಿ ನನ್ನದು.

ಅದರ ಕಥೆ ಇಷ್ಟೇ. ಆಲ್ಬಮ್ ರೆಕಾರ್ಡ್ ಮಾಡಿದ್ದು ಡ್ರಮ್ ಬಾರಿಸುವವನ ಮಾವನ ಸೋಫಾ ಅಂಗಡಿಯ ಹಿಂಬದಿಯ ಕೋಣೆಯಲ್ಲಿ. ಸುತ್ತಲೂ ಸ್ಪಂಜು, ಹತ್ತಿ, ರೆಕ್ಸಿನ್ನು. ಅಲ್ಲಿ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತಿರಲಿಲ್ಲ. ಗಾಳಿಗೆಂದು ಶಟರನ್ನು ಅರ್ಧ ಎತ್ತಿಡುತ್ತಿದ್ದರು, ಆಲ್ಬಮ್ಮಿನ ಹೆಸರು ಬಂದದ್ದೂ ಹಾಗೇ. ಡ್ರಮ್ಮಿನವನನ್ನು ನಾವೆಲ್ಲ ಗುಡುಗಣ್ಣ ಎನ್ನುತ್ತಿದ್ದೆವು. ಕೈ ಬಂಗಾರ, ಲೆಕ್ಕ ಮಾತ್ರ ಸೊನ್ನೆ. ಯಾರಾದರೂ ಹಾಡುತ್ತಿದ್ದರೆ ಮಾತ್ರ ಅವನಿಗೆ ತಾನು ಎಲ್ಲಿದ್ದೇನೆಂದು ತಿಳಿಯುತ್ತಿತ್ತು. ಅವತ್ತು ತಮ್ಮನ ಗಂಟಲು ಕಟ್ಟಿತ್ತು. ಗಿಟಾರಿನವನು ಎಂದಿನಂತೆ ತಡ. ನಾಲ್ಕನೇ ಹಾಡು ಹುಟ್ಟಿದ್ದೇ ಅವನನ್ನು ಬೈಯಲು. ಊಟದ ಡಬ್ಬಿ ತಂದಿದ್ದ ನನ್ನನ್ನು ಡ್ರಮ್ಮಿನ ಪಕ್ಕ ನಿಲ್ಲಿಸಿ, ಅಕ್ಕಾ ನೀನು ಸುಮ್ಮನೆ ಹಾಡ್ತಾ ಇರು, ಇವನಿಗೆ ದಾರಿ ತಿಳಿಯಲಿ, ಆಮೇಲೆ ಅದನ್ನು ಅಳಿಸಿ ನನ್ನ ದನಿ ಕೂರಿಸುತ್ತೇವೆ ಎಂದ ತಮ್ಮ. ಹಾಡಿದೆ. ಹಾಡಿನ ನಡುವೆ ಒಂದು ಕಡೆ ಗುಡುಗಣ್ಣ ಪದೇ ಪದೇ ತಪ್ಪುತ್ತಿದ್ದ. ಪದಗಳಿಲ್ಲದ ಜಾಗ ಅದು. ಅವನನ್ನು ಕೈಹಿಡಿದು ದಾಟಿಸಲೆಂದು ಅಲ್ಲಿ ನಾನೇ ಒಂದು ಆಲಾಪ ಎಳೆದೆ, ಆ ಕ್ಷಣಕ್ಕೆ ಬಾಯಿಗೆ ಬಂದದ್ದು.

ರೆಕಾರ್ಡ್ ಮಾಡುತ್ತಿದ್ದವನು ಆಮೇಲೆ ತಲೆ ಮೇಲೆ ಕೈಹೊತ್ತು ಕೂತ. ನನ್ನ ಮುಂದೆ ಮೈಕ್ ಇರಲಿಲ್ಲ, ಆದರೆ ಡ್ರಮ್ಮಿನ ಮೈಕುಗಳ ಒಳಗೆಲ್ಲ ನಾನು ಸೇರಿಹೋಗಿದ್ದೆ. ನನ್ನನ್ನು ತೆಗೆಯಬೇಕೆಂದರೆ ಡ್ರಮ್ಮನ್ನೇ ತೆಗೆಯಬೇಕು. ಗುಡುಗಣ್ಣನೋ ಅಷ್ಟರಲ್ಲಿ ಹಡಗಿನ ಕೆಲಸಕ್ಕೆ ಸಮುದ್ರ ಸೇರಿಯಾಗಿತ್ತು. ಹಾಗಾಗಿ ನಾನು ಉಳಿದೆ.

ಕವರಿನ ಮೇಲೆ ಸೋಫಾ ಮಾವನ ಹೆಸರಿತ್ತು, ಚಪ್ಪಲಿ ಕದ್ದ ನಾಯಿಯ ಹೆಸರೂ ಇತ್ತು. ನನ್ನದು ಇರಲಿಲ್ಲ. ಯಾಕೋ ಎಂದರೆ, “ಅದು ಎಡವಟ್ಟಿನಿಂದ ಉಳಿದಿದ್ದು ಅಕ್ಕಾ. ಹೆಸರು ಹಾಕಿದ್ರೆ ಎಡವಟ್ಟು ಅಂತ ನಾವೇ ಡಂಗುರ ಸಾರಿದಂಗೆ,” ಎಂದಿದ್ದ ತಮ್ಮ. ಇರಲಿ ಬಿಡು ಎಂದು ಬಿಟ್ಟಿದ್ದೆ. ಯಾರೂ ಕೇಳದ ಆಲ್ಬಮ್ಮಿನಲ್ಲಿ ಹೆಸರಿದ್ದರೆಷ್ಟು, ಬಿಟ್ಟರೆಷ್ಟು.

ಆದರೆ ಈಗ ಒಬ್ಬಳು, ದಿನಾ ಹಲ್ಲು ಕಿತ್ತು ಕಲ್ಲಾದ ಹೆಂಗಸು, ನನ್ನ ಪಕ್ಕದಲ್ಲೇ ಕೂತು, ನನ್ನ ದನಿಗೆ ಅತ್ತಿದ್ದಳು. ಬದುಕಿನಲ್ಲಿ ನಾನು ಮಾಡಿದ ಯಾವುದಕ್ಕೂ ಯಾರೂ ಅತ್ತಿರಲಿಲ್ಲ, ಗಾಡಿ ಗುದ್ದಿದಾಗ ಬಿಟ್ಟು. ಮೊದಲ ಸಲ ಅನ್ನಿಸಿತು, ಇದು ನನ್ನದು ಎಂದು ಯಾರಾದರೂ ಒಮ್ಮೆ, ಒಂದೇ ಒಂದು ಸಲ, ಜನರ ಎದುರು ಹೇಳಬೇಕು. ಬೇರೇನೂ ಬೇಡ.

ಭಾನುವಾರ ತಮ್ಮ ಊಟಕ್ಕೆ ಬಂದಾಗ ಕೇಳಿಯೇಬಿಟ್ಟೆ. ಅವನು ತುತ್ತು ನುಂಗಿ ಅಮ್ಮನ ಮುಖ ನೋಡಿದ. ಅಮ್ಮ ಸಾರಿನ ಸೌಟಿನ ಕಡೆ ನೋಡಿದಳು. ಅವಳಿಗೆ ಗೊತ್ತಿತ್ತು! ಅವನು ಮೊದಲೇ ಬಂದು ಕಾಲು ಹಿಡಿದು ಒಪ್ಪಿಸಿ ಹೋಗಿದ್ದನಂತೆ. ರೇಡಿಯೋದವಳು ಆ ದನಿ ಯಾರದು ಎಂದು ಕೇಳಿದಾಗ ತೀರಿಕೊಂಡ ಅಮ್ಮಂದು ಅಂತ ಬಾಯಿತಪ್ಪಿ ಬಂತು, ಅವಳು ಅತ್ತಳು, ಅತ್ತ ಮೇಲೆ ವಾಪಸ್ ತಗೊಳ್ಳೋದು ಹೇಗೆ ಎಂದ. ಡ್ರೈವಿಂಗ್ ಕಲಿಸೋ ನಮ್ಮಕ್ಕ ಊಟದ ಡಬ್ಬಿ ಕೊಡೋಕೆ ಬಂದಿದ್ಲು ಅಂದ್ರೆ ಯಾರು ಅಳ್ತಾರೆ, ನೀನೇ ಹೇಳು ಎಂದೂ ಕೇಳಿದ.

“ಬದುಕಿರೋ ಅಮ್ಮನ್ನ ಸಾಯಿಸಿದೀಯಲ್ಲೋ, ನಾಚಿಕೆ ಆಗಲ್ವಾ?” ಎಂದೆ.

ಉತ್ತರ ಕೊಟ್ಟದ್ದು ಅಮ್ಮ. “ಸತ್ತೋಳು ನಾನೇ ಸುಮ್ಮನಿದೀನಿ. ನಿಂದೇನೇ ರಗಳೆ?”

ತಮಾಷೆಯ ಮಾತಿನಂತೆ ಕೇಳಿಸಿತು, ಆದರೆ ಅವಳು ನಗಲಿಲ್ಲ. ಮಗು ಇಷ್ಟು ವರ್ಷ ಒದ್ದಾಡಿದೆ, ಈಗ ನಾಲ್ಕು ಜನ ತಿರುಗಿ ನೋಡ್ತಿದ್ದಾರೆ, ಅದಕ್ಕೆ ಕಲ್ಲು ಹಾಕಬೇಡ ಎಂದಳು. ಮಗು ಎಂದರೆ ನಲವತ್ತು ದಾಟಿದ, ಗಡ್ಡ ನೆರೆತ ಇವನು. ಅಪ್ಪ ನಿಜವಾಗಿಯೇ ಹೋದರು. ಅವರ ಮೇಲೆ ಇವನದು ಒಂದು ಹಾಡೂ ಇಲ್ಲ. ಅದನ್ನೂ ಹೇಳಿದೆ. ಅವರಿಗೆ ಹಾಡು ಎಲ್ಲಿ ಇಷ್ಟ ಇತ್ತು ಎಂದಳು ಅಮ್ಮ.

ಆಮೇಲೆ ತಮ್ಮ ಬಂದ ಕೆಲಸ ಹೊರಗೆ ಬಂತು. ದೊಡ್ಡ ಸಭಾಂಗಣದಲ್ಲಿ ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ನುಡಿಸುತ್ತಾರೆ, ಪ್ರತಿ ಹಾಡಿಗೂ ಮುಂಚೆ ಅವನು ಅದರ ಕಥೆ ಹೇಳುತ್ತಾನೆ. ಗುಡುಗಣ್ಣನೂ ರಜೆ ಹಾಕಿ ಬರುತ್ತಿದ್ದಾನೆ. ಆದರೆ ಆ ದನಿ ಇಲ್ಲದೆ ನಾಲ್ಕನೇ ಹಾಡು ನಿಲ್ಲುವುದಿಲ್ಲ. ಹಳೆಯದನ್ನು ಡ್ರಮ್ಮಿನಿಂದ ಬಿಡಿಸಿ ಹಾಕಲು ಬರುವುದಿಲ್ಲ. ಕಲಿತ ಹಾಡುಗಾರ್ತಿಯರನ್ನು ಕರೆಸಿ ನೋಡಿದರಂತೆ; ಅವರು ತೀರಾ ಚೆನ್ನಾಗಿ ಹಾಡಿಬಿಟ್ಟರಂತೆ, ಅದಕ್ಕೇ ಆಗಲಿಲ್ಲವಂತೆ. ಪರದೆಯ ಹಿಂದೆ ನಿಂತು ನಾನೇ ಹಾಡಬೇಕು.

ಹಾಡುತ್ತೇನೆ, ಆದರೆ ಒಂದು ಷರತ್ತು ಎಂದೆ. ಹಾಡಿಗೆ ಮುಂಚೆ ನನ್ನ ವಿಷಯ ಹೇಳಬೇಕು. ಅಕ್ಕನ ದನಿ ಎಂದು ಹೇಳಬೇಕು.

ಅವನು ಬಹಳ ಹೊತ್ತು ಬೆರಳು ನೆಕ್ಕಿದ. ಕೊನೆಗೆ, “ಆಯ್ತು. ಅಕ್ಕನ ವಿಷಯ ಹೇಳ್ತೀನಿ. ಅಮ್ಮನಾಣೆ,” ಎಂದ. ಯಾವ ಅಮ್ಮನಾಣೆ, ಸತ್ತವಳದೋ ಬಡಿಸುತ್ತಿರುವವಳದೋ ಎಂದು ಕೇಳಬೇಕಿತ್ತು. ಅವನು ಒಪ್ಪಿದ್ದೇ ಖುಷಿಯಾಗಿ ಸುಮ್ಮನಾದೆ.

ಅಲ್ಲಿಂದ ಕಾರಿನಲ್ಲೂ ಬಚ್ಚಲಲ್ಲೂ ಹಾಡಿದ್ದೇ ಹಾಡಿದ್ದು. ದನಿ ದಪ್ಪವಾಗಿತ್ತು, ಆದರೆ ಆ ಆಲಾಪ ಇದ್ದ ಜಾಗದಲ್ಲೇ ಇತ್ತು. ನನ್ನ ಗಂಡ, ಮೂರು ಮಾತಿಗೆ ಒಂದು ಮಾತಾಡುವ ಮನುಷ್ಯ, ಬಚ್ಚಲ ಬಾಗಿಲಿಗೆ ಬಂದು ಚೆನ್ನಾಗಿದೆ ಎಂದು ಹೇಳಿ ಹೋದರು. ಡಾಕ್ಟರಮ್ಮನಿಗೂ ಹೇಳಿಬಿಟ್ಟೆ, ಕಾರ್ಯಕ್ರಮಕ್ಕೆ ತಪ್ಪದೆ ಹೋಗಿ, ಒಂದು ವಿಷಯ ತಿಳಿಯುತ್ತದೆ ಎಂದು.

ಆ ಸಂಜೆ ಹೊರಡುವಾಗ ಅಮ್ಮನೂ ಸಿದ್ಧವಾಗಿ ನಿಂತಿದ್ದಳು. ನೀನು ಬರಬಾರದಲ್ಲ, ಸತ್ತಿದ್ದೀಯಲ್ಲ ಎಂದರೆ, ತಲೆ ಮೇಲೆ ಸೆರಗು ಎಳೆದುಕೊಂಡು ಕೊನೇ ಸಾಲಲ್ಲಿ ಕೂರ್ತೀನಿ, ಯಾರಿಗೆ ಗೊತ್ತಾಗುತ್ತೆ ಎಂದಳು. ತನಗಾಗಿ ಎಷ್ಟು ಜನ ಅಳುತ್ತಾರೆಂದು ನೋಡುವ ಭಾಗ್ಯ ಎಷ್ಟು ಜನಕ್ಕುಂಟು ಎಂದೂ ಸೇರಿಸಿದಳು.

ಸಭಾಂಗಣ ತುಂಬಿ ತುಳುಕುತ್ತಿತ್ತು. ನಾನು ಪರದೆಯ ಹಿಂದೆ, ಗುಡುಗಣ್ಣನ ಬೆನ್ನಿಗೆ ಹತ್ತಿರ ನಿಂತೆ. ಅವನು ತಿರುಗಿ, “ಈ ಸಲ ದಾರಿ ತಪ್ಪಲ್ಲ ಅಕ್ಕಾ, ನೀನಿದೀಯಲ್ಲ,” ಎಂದ. ಪರದೆಯ ಸೀಳಿನಿಂದ ಜನ ಕಾಣುತ್ತಿದ್ದರು. ಚಪ್ಪಲಿಯ ಕಥೆಗೆ ನಿಟ್ಟುಸಿರು ಬಂತು, ಮಹಡಿಯ ಬೆಳಕಿಗೆ ಚಪ್ಪಾಳೆ ಬಂತು. ಆಮೇಲೆ ತಮ್ಮ ಗಿಟಾರನ್ನು ಬೆನ್ನಿಗೆ ಸರಿಸಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದ.

“ಈ ಹಾಡಿನಲ್ಲಿರೋ ದನಿ ಯಾರದು ಅಂತ ನಿಮಗೆಲ್ಲ ಗೊತ್ತು,” ಎಂದ. “ಇವತ್ತು ಒಂದು ಹೊಸ ವಿಷಯ ಹೇಳ್ತೀನಿ. ನನಗೊಬ್ಬಳು ಅಕ್ಕ ಇದಾಳೆ.”

ನಾನು ಪರದೆಯ ಸೀಳಿಗೆ ಇನ್ನಷ್ಟು ಹತ್ತಿರ ಸರಿದೆ.

“ಅಮ್ಮ ಹೋಗುವಾಗ ತನ್ನ ದನಿಯನ್ನು ಅವಳಿಗೆ ಕೊಟ್ಟುಹೋದಳು. ಅಕ್ಕ ಯಾವತ್ತೂ ಜನರ ಮುಂದೆ ಹಾಡಿದೋಳಲ್ಲ. ಇವತ್ತು ಅಮ್ಮನ ಜಾಗದಲ್ಲಿ ನಿಂತು, ಅಮ್ಮ ಹಾಡಿದ್ದನ್ನ ಹಾಡ್ತಾಳೆ.”

ಇಡೀ ಸಭೆ ಒಂದೇ ಉಸಿರಿನಂತೆ ಅಯ್ಯೋ ಎಂದಿತು. ಅವನು ಕೊಟ್ಟ ಮಾತನ್ನು ಕೂದಲಷ್ಟೂ ಮೀರಿರಲಿಲ್ಲ. ಅಕ್ಕನ ವಿಷಯ ಹೇಳಿದ್ದ. ನನ್ನದೇ ದನಿಯನ್ನು ನಾನು ಅನುಕರಿಸುವವಳಾಗಿದ್ದೆ, ಅದಕ್ಕೆ ಹತ್ತಾರು ಜನರಲ್ಲ, ಸಭೆಗೆ ಸಭೆಯೇ ಸಾಕ್ಷಿ.

ಹಾಡು ಶುರುವಾಯಿತು. ನಾನು ಬಾಯಿ ತೆರೆಯಲಿಲ್ಲ. ಗುಡುಗಣ್ಣ ತಿರುಗಿ ತಿರುಗಿ ನೋಡುತ್ತಾ ಹೇಗೋ ಸಾಗಿಸಿದ. ಪದಗಳಿಲ್ಲದ ಆ ಜಾಗ ಬಂತು. ಅವನ ಕೋಲುಗಳು ಗಾಳಿಯಲ್ಲಿ ನಿಂತವು. ಹಾಡು ಅಕ್ಕಾ ಎಂದು ಅವನ ಕಣ್ಣು ಬೇಡುತ್ತಿತ್ತು. ನಾನು ಹಲ್ಲು ಕಚ್ಚಿ ನಿಂತೆ. ಅವನು ದಾರಿ ತಪ್ಪಿ ಸುಮ್ಮನಾದ. ಉಳಿದವರೂ ಒಬ್ಬೊಬ್ಬರಾಗಿ ನಿಂತರು. ಆ ಮೌನದಲ್ಲಿ ಈಗ ತಮ್ಮನಿಗೆ ತಿಳಿಯುತ್ತದೆ, ಈಗ ಎಲ್ಲ ಬಿದ್ದು ಒಡೆಯುತ್ತದೆ ಎಂದುಕೊಂಡೆ.

ಮುಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತ. ಅವನ ಪಕ್ಕದವಳು ಎದ್ದಳು. ಆಮೇಲೆ ಸಾಲು ಸಾಲಾಗಿ, ಸದ್ದಿಲ್ಲದೆ, ತಲೆ ತಗ್ಗಿಸಿ ಎಲ್ಲರೂ ಎದ್ದರು. ಡಾಕ್ಟರಮ್ಮನೂ ಕರ್ಚೀಫು ಹಿಡಿದು ನಿಂತಿದ್ದಳು. ಅಕ್ಕನಿಗೆ ದುಃಖ ಉಕ್ಕಿ ದನಿ ಬರುತ್ತಿಲ್ಲ ಎಂದುಕೊಂಡಿದ್ದರು. ಕೊನೆಯ ಸಾಲಿನಲ್ಲಿ, ಮುಂದಿನ ಕುರ್ಚಿ ಹಿಡಿದುಕೊಂಡು, ಮಂಡಿನೋವಿನ ನನ್ನ ಅಮ್ಮನೂ ತನ್ನ ಶ್ರದ್ಧಾಂಜಲಿಗೆ ತಾನೇ ಎದ್ದು ನಿಂತಳು. ತಮ್ಮ ಒಂದು ಗಳಿಗೆ ಗಲಿಬಿಲಿಯಾದ. ಅಷ್ಟೇ. ಬುದ್ಧಿವಂತ, ಅವನೂ ತಲೆ ತಗ್ಗಿಸಿದ.

ಕಾರ್ಯಕ್ರಮ ಮುಗಿದ ಮೇಲೆ ಒಳಗೆ ಬಂದು ನನ್ನನ್ನು ತಬ್ಬಿಕೊಂಡ. ಅವನ ಅಂಗಿ ಬೆವರಿಗೆ ತೊಯ್ದಿತ್ತು. ನಾವು ಕೂತು ಯೋಚಿಸಿದ್ದರೂ ಇಂಥದ್ದು ಹೊಳೆಯುತ್ತಿರಲಿಲ್ಲ, ಮುಂದಿನ ಊರುಗಳಲ್ಲೂ ಆ ಜಾಗವನ್ನು ಹೀಗೇ ಖಾಲಿ ಬಿಡೋಣ, ಇನ್ನು ನೀನು ಕಷ್ಟಪಟ್ಟು ಬರಬೇಕಾಗಿಯೂ ಇಲ್ಲ ಎಂದ.

“ನಾನು ಬೇಕಂತಲೇ ಹಾಡಲಿಲ್ಲ ಕಣೋ,” ಎಂದೆ.

“ಗೊತ್ತಾಯ್ತು,” ಎಂದ, ನನ್ನ ಭುಜ ತಟ್ಟುತ್ತಾ. “ಹೊರಗೆ ಯಾರಿಗೂ ಹೇಳ್ಬೇಡ.”

ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಅವಳ ಮುಖ ಕೆಂಪಾಗಿತ್ತು, ಅತ್ತಿದ್ದಳು. ಪಕ್ಕದ ಕುರ್ಚಿಯ ಹುಡುಗಿ ಇವಳ ಕೈಹಿಡಿದು ಎಂಥಾ ತಾಯಿ ಅಲ್ವಾ ಅಂದಳಂತೆ. ಹೌದಮ್ಮ, ಪುಣ್ಯವಂತೆ ಎಂದು ಇವಳೂ ಅಂದಳಂತೆ. ಹಾಡಿದ್ದರೆ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ, ಬಿಟ್ಟದ್ದೇ ಒಳ್ಳೆಯದಾಯಿತು ಎಂದು ನನ್ನನ್ನು ಮೆಚ್ಚಿಕೊಂಡಳು.

“ಅಮ್ಮಾ, ರೆಕಾರ್ಡಲ್ಲಿರೋದು ಯಾರ ದನಿ?” ಎಂದೆ.

“ಯಾಕೆ ಈಗ?”

“ಸುಮ್ಮನೆ ಹೇಳು. ಇಲ್ಲಿ ನಾವಿಬ್ರೇ ಇದೀವಿ.”

ಅಮ್ಮ ಕಿಟಕಿಯ ಕಡೆ ತಿರುಗಿದಳು. ಅಂಗಡಿಗಳ ಬೆಳಕು ಅವಳ ಕೆನ್ನೆಯ ಮೇಲೆ ಬಂದು ಬಂದು ಹೋಗುತ್ತಿತ್ತು. “ನಂದೇ ಇರ್ಬೇಕು ಕಣೇ,” ಎಂದಳು ಮೆಲ್ಲಗೆ. “ಚಿಕ್ಕೋಳಿದ್ದಾಗ ನಾನೂ ಹಾಡ್ತಿದ್ದೆ. ಇಷ್ಟೊಂದು ಜನ ಸುಮ್ಮಸುಮ್ಮನೆ ಎದ್ದು ನಿಲ್ತಾರಾ?”

ತಮಾಷೆಗೆ ಅಂದಳೋ ಎಂದು ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವಳ ಮುಖವನ್ನು ಸರಿಯಾಗಿ ನೋಡಿದೆ. ತಮಾಷೆ ಇರಲಿಲ್ಲ.