ಒಂದೇ ವಿದ್ಯಾರ್ಥಿನಿಯ ವಾರ್ಷಿಕೋತ್ಸವ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೂರನೇ ಕ್ಲಾಸಿನ ನಲವತ್ತು ಮಕ್ಕಳೂ ‘ನನ್ನ ಅಜ್ಜಿ’ ಪ್ರಬಂಧವನ್ನು ಬೋರ್ಡಿನಿಂದ ಒಂದೇ ಥರ ನಕಲು ಮಾಡಿದ್ದನ್ನು ನೋಡಿ, ೨೦೦೩ರಲ್ಲಿ ಮಗಳು ಶರಣ್ಯಾಳನ್ನು ಶಾಲೆ ಬಿಡಿಸಿಯೇಬಿಟ್ಟೆ. ನಲವತ್ತು ಅಜ್ಜಿಯರಿಗೂ ಬೆಳ್ಳಿ ಕೂದಲು, ನಲವತ್ತು ಅಜ್ಜಿಯರೂ ಕಥೆ ಹೇಳುವವರೇ! ನಮ್ಮ ಅತ್ತೆ ಗಿರಿಯಮ್ಮನವರ ಕೂದಲು ಇನ್ನೂ ಕಪ್ಪು. ಅವರು ಕಥೆ ಹೇಳಿದ್ದನ್ನು ಯಾರೂ ಕೇಳಿಲ್ಲ.

ಬಸರೀಕಟ್ಟೆಯಿಂದ ಎರಡು ಮೈಲಿ ದೂರದ ನಮ್ಮ ಮನೆಯಲ್ಲೇ ಪಾಠ ಶುರುವಾಯಿತು. ಲೆಕ್ಕ ನನ್ನ ಗಂಡ ಪ್ರಸಾದರದ್ದು, ಕನ್ನಡ ನನ್ನದು. ಹಳೇ ಕ್ಯಾಲೆಂಡರಿನ ಬೆನ್ನಿಗೆ ವರ್ಷದ ಯೋಜನೆ ಬರೆದೆ. ಮೊದಲು ಒಗಟು, ಗಾದೆ. ಆಮೇಲೆ ಕಥೆ, ಪದ್ಯ. ಫೆಬ್ರವರಿಯಲ್ಲಿ ಪತ್ರಲೇಖನ, ಮಾರ್ಚಿನಲ್ಲಿ ಚರ್ಚೆ. ಶೃಂಗೇರಿಯಲ್ಲಿ ಸಂಸ್ಕೃತ ಪಂಡಿತರಾಗಿರುವ ಭಾವ ವಿದ್ಯಾಶಂಕರರು ಅದನ್ನು ನೋಡಿದರು.

“ಇದೆಂತ ಮಾರಾಯ್ತಿ, ಪಂಚಾಂಗವಾ? ಬೇಸಿಗೆ ತನಕ ನೋಡ್ತೆ. ಆಮೇಲೆ ಕೂಸನ್ನ ನಮ್ಮನೆಗೆ ಕರ್ಕಂಡು ಹೋಗಿ ಅಲ್ಲೇ ಶಾಲೆಗೆ ಹಾಕ್ತೆ.”

ಪ್ರಸಾದರು ಅಣ್ಣನಿಗೆ ಎದುರಾಡಿದವರಲ್ಲ. ಒಂಬತ್ತು ವರ್ಷದ ಮಗಳನ್ನು ಬಿಟ್ಟಿರುವುದು ನನ್ನಿಂದಾಗದು. ಹಾಗಾಗಿ ಹಠ ಹಿಡಿದು ಕಲಿಸಿದೆ.

ಫೆಬ್ರವರಿ ಕೊನೆಗೆ ಬಂದ ಅಭ್ಯಾಸ, ಆಮಂತ್ರಣ ಪತ್ರಿಕೆ. ಇಲ್ಲದ ಸಮಾರಂಭಕ್ಕೆ ಶರಣ್ಯಾ ‘ನಮ್ಮ ಮನೆ ಶಾಲೆಯ ವಾರ್ಷಿಕೋತ್ಸವ’ ಎಂದು ಹನ್ನೊಂದು ಪತ್ರಿಕೆ ಬರೆದಳು. ಬರುವ ಭಾನುವಾರ, ಮೂರು ಗಂಟೆಗೆ. ಸ್ವಾಗತ: ಶರಣ್ಯಾ. ಚರ್ಚೆ: ಶರಣ್ಯಾ ಮತ್ತು ಶರಣ್ಯಾ. ಅಧ್ಯಕ್ಷತೆ: ದೊಡ್ಡಪ್ಪ. ವಿಳಾಸವನ್ನೂ ಬರೆದು, ಅಂಚಿನ ಬಣ್ಣ ಒಣಗಲೆಂದು ಗೇಟಿನ ಕಟ್ಟೆ ಮೇಲೆ ಹರಡಿದಳು. ಆ ಕಟ್ಟೆ ಮೇಲೆ ಹೆಸರು ಬರೆದ ಏನಿದ್ದರೂ, ಔಷಧಿಯಾಗಲಿ ಬೀಜವಾಗಲಿ, ಜೀಪಿನ ಮಂಜಯ್ಯ ಎತ್ತಿಕೊಂಡು ಹೋಗಿ ತಲುಪಿಸುವುದು ನಮ್ಮ ಕಡೆಯ ರೂಢಿ. ಸಂಜೆ ಕಟ್ಟೆ ಖಾಲಿ ಇದ್ದಾಗ, ಗಾಳಿಗೆ ಹಾರಿರಬೇಕು ಎಂದುಕೊಂಡೆವು.

ಭಾನುವಾರ ಮೂರು ಗಂಟೆಗೆ ಸರಿಯಾಗಿ ಜೀಪುಗಳು ಬರತೊಡಗಿದವು.

“ಹೆಸ್ರು ಬರ್ದಿತ್ತು, ಕೊಟ್ಟೆ. ಶೃಂಗೇರೀದು ಬಸ್ಸಿನ ಕಂಡಕ್ಟರ್ ಕೈಲಿ ಕಳ್ಸಿದೆ. ಎಂತ ತಪ್ಪಮ್ಮಾ?” ಎಂದ ಮಂಜಯ್ಯ. ತಾನೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಅವನ ಹಿಂದೆಯೇ ಜರಿ ಶಾಲು ಹೊದ್ದು ಭಾವ ಇಳಿದರು, ಕೈಯಲ್ಲಿ ನಾಲ್ಕು ಪುಟದ ಅಧ್ಯಕ್ಷ ಭಾಷಣ. ನಾನು ಚಾಪೆ ಹುಡುಕುತ್ತ ಒಳಗೂ ಹೊರಗೂ ಓಡಾಡಿದೆ. ಅತ್ತೆ ಮಾತ್ರ ಅಲುಗಾಡಲಿಲ್ಲ.

“ಅವಲಕ್ಕಿ ಕಲ್ಸೂದು ನಂಗೆ ಬಿಡು. ನೀ ಕೂಸಿಗೆ ಜಡೆ ಹಾಕು.”

ಅಂಗಳದಲ್ಲಿ ಇಪ್ಪತ್ತೆಂಟು ಜನ. ಮಾರ್ಚಿನ ಚರ್ಚೆಗೆಂದು ನಾನು ಮೊದಲೇ ಕೊಟ್ಟಿದ್ದ ವಿಷಯ ‘ಹಳ್ಳಿ ಮೇಲೋ ಪಟ್ಟಣ ಮೇಲೋ’. ಶರಣ್ಯಾ ಘೋಷಿಸಿದ್ದೇ ಬೇರೆ: “ಶರಣ್ಯಾ ಮನೆಯಲ್ಲೇ ಕಲಿಯಬೇಕೋ, ಶಾಲೆಗೆ ಹೋಗಬೇಕೋ?”

ಎಡಗಡೆ ನಿಂತು ಮನೆಯ ಪರ ಮಾತಾಡಿದಳು. ಸಾಕ್ಷಿಗೆಂದು ತಾನೇ ಬರೆದ ಪ್ರಬಂಧ ಓದಿದಳು: “ನನ್ನ ಅಜ್ಜಿ ಬೆಕ್ಕಿಗೂ ‘ಬನ್ನಿ, ಹೋಗಿ’ ಅನ್ನುತ್ತಾರೆ. ಅಪ್ಪನಿಗೆ ಮಾತ್ರ ‘ಏ ಮಾಣಿ’.” ಅಂಗಳಕ್ಕೆ ಅಂಗಳವೇ ನಕ್ಕಿತು. ಅತ್ತೆ ಅವಲಕ್ಕಿಯ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ನಾನು ಹೆಮ್ಮೆಯಿಂದ ಉಬ್ಬಿಹೋದೆ.

ಆಮೇಲೆ ಅವಳು ಬಲಗಡೆಗೆ ಹೋಗಿ ನಿಂತಳು.

“ಅಧ್ಯಕ್ಷರೇ, ಆ ಕಡೆಯಿಂದ ಈ ಕಡೆಗೆ ನಾನೇ ಬಂದೆ. ಯಾಕಂದ್ರೆ ಇನ್ನೊಬ್ರಿಲ್ಲ. ಒಗಟು ಕೇಳಿದ್ರೆ ಅಮ್ಮಂಗೆ ಉತ್ತರ ಮೊದ್ಲೇ ಗೊತ್ತು. ನಿನ್ ಕಥೆ ಚೆನ್ನಾಗಿಲ್ಲ, ನಂದೇ ಚೆನ್ನಾಗಿದೆ ಅಂತ ಜಗಳ ಆಡಕ್ಕೆ ನಂಗೆ ಯಾರಾದ್ರೂ ಬೇಕು.”

ಕ್ಯಾಲೆಂಡರಿನ ಬೆನ್ನಿನಲ್ಲಿ ಹನ್ನೆರಡು ತಿಂಗಳು ತುಂಬಿಸಿದ್ದ ನನಗೆ ಇದೊಂದು ಹೊಳೆದಿರಲಿಲ್ಲ.

ಭಾವ ಭಾಷಣವನ್ನು ಮಡಚಿ ಜೇಬಿಗಿಟ್ಟರು. “ನಯನ, ನಾ ಸೋತೆ. ಹೀಂಗೆ ಕಲ್ಸೋರು ಶೃಂಗೇರೀಲಿ ಎಲ್ಲಿದ್ದಾರೆ? ಕೂಸು ನಿನ್ ಹತ್ರವೇ ಕಲೀಲಿ.”

ವರ್ಷವಿಡೀ ಕಾದಿದ್ದ ಮಾತು ಅದು. ಕುಣಿಯಬೇಕಿತ್ತು, ಆದರೆ ಬಲಗಡೆ ಒಬ್ಬಳೇ ನಿಂತಿದ್ದ ಶರಣ್ಯಾಳನ್ನು ನೋಡಿದೆ.

“ಇಲ್ಲ ಭಾವ. ಜೂನಿಂದ ಶಾಲೆಗೇ ಹೋಗ್ತಾಳೆ. ಶೃಂಗೇರಿಗಲ್ಲ. ಇಲ್ಲಿಂದ್ಲೇ, ಮಂಜಯ್ಯನ ಜೀಪಲ್ಲಿ. ಸಂಜೆ ಕನ್ನಡ ನಂದೇ.”

ಶರಣ್ಯಾ ಓಡಿಬಂದು ನನ್ನ ಸೊಂಟ ತಬ್ಬಿಕೊಂಡಳು. “ಅಮ್ಮಾ, ನೀನೂ ಸೋತ್ಯಾ?”

“ಹೌದು ಮಾರಾಯ್ತಿ, ಸೋತೆ” ಎಂದೆ, ಅವಳನ್ನು ಬಿಡದೆ.