ಪ್ರಸಂಗಕ್ಕೆ ಸಿಗಬಾರದ ಮಾತು

ಅಡುಗೆಮನೆಯಲ್ಲಿ ಮಾತು ನಿಂತಿತು, ಈಚೆ ಕೋಣೆಯಲ್ಲಿ ಪಾದ್ರಿಗಳು ಕೆಮ್ಮಿದ್ದೇ ತಪ್ಪಾಯಿತೇನೋ, ಈಗಷ್ಟೇ ತಾಯಿ ಮಗಳು ಪಿಸುಗುಡುತ್ತಿದ್ದರು, ಈಗ ಬರೀ ನಲ್ಲಿಯ ಸದ್ದು — ಬೇಕೆಂದೇ ಬಿಟ್ಟಿರಬೇಕು, ಪಾದ್ರಿಯ ಮನೆಯ ಹೆಂಗಸರಿಗೆ ಅಷ್ಟು ಉಪಾಯ ಗೊತ್ತಿರುವುದಿಲ್ಲವೇ, ಶನಿವಾರ ಮಧ್ಯಾಹ್ನ, ನಾಳೆ ಚರ್ಚಿನಲ್ಲಿ ಹೇಳಲು ಪ್ರಸಂಗ ಬೇಕು, ಬೈಬಲಿನ ವಾಕ್ಯ ಮನೆಗೆ ಮರಳಿದ ಮಗನದು, ದೂರದಿಂದ ಕಂಡ ಕೂಡಲೇ ಓಡಿಹೋಗಿ ತಬ್ಬಿಕೊಂಡ ಅಪ್ಪನದು, ಇಷ್ಟು ವರ್ಷವಾದರೂ ಪೆನ್ಸಿಲ್ ಕಚ್ಚುವುದು ತಪ್ಪಲಿಲ್ಲ, ಆದರೂ ಆಗಿನ ಶನಿವಾರಗಳೇ ಬೇರೆ, ಹೊಸ ನಿಲುವಂಗಿ, ಹೊಸ ಹೆಂಡತಿ, ಮೊದಲ ಭಾನುವಾರವೇ ಸೃಷ್ಟಿಯಿಂದ ಹಿಡಿದು ಅಂತ್ಯದಿನದವರೆಗೆ ಉಸಿರು ಬಿಡದೆ ಹೇಳಿ ಮುಗಿಸಿದ್ದರು, ಹಿರಿಯ ಪಾದ್ರಿಗಳು ಬೆನ್ನು ತಟ್ಟಿ, ಎಲ್ಲಾ ಒಂದೇ ಊಟಕ್ಕೆ ಬಡಿಸಿಬಿಟ್ಟೆಯಲ್ಲಪ್ಪ, ಮುಂದಿನ ವಾರ ಜನ ಉಪವಾಸ ಇರ್ಬೇಕಾ, ನಿಜವಾಗಿಯೂ ಮುಂದಿನ ವಾರ ತಲೆ ಖಾಲಿ, ಕೆರೆದುಕೊಂಡು ಅಡುಗೆಮನೆಗೆ ಹೋದರೆ ಹಾಲು ಉಕ್ಕಿ ಒಲೆಯ ತುಂಬಾ ಹರಿದಿದೆ, ನೀವು ಗೊಣಗೋದನ್ನ ಕೇಳ್ತಾ ನಿಂತೆ ನೋಡಿ, ಎಂದು ಅವಳು ನಕ್ಕಳು, ಆ ಉಕ್ಕಿದ ಹಾಲೇ ಭಾನುವಾರದ ಪ್ರಸಂಗದಲ್ಲಿ ದೇವರ ಕೃಪೆಯಾಯಿತು, ಜನ ತಲೆದೂಗಿದರು, ಅಯ್ಯನವರೇ, ನಮ್ಮನೆ ಕಥೆ ಹೇಳಿದ ಹಾಗಿತ್ತು — ಎಂಥ ಸುಖದ ದಿನಗಳು, ಮನೆಯಲ್ಲಿ ಹುಲ್ಲುಕಡ್ಡಿ ಅಲುಗಿದರೂ ಪ್ರಸಂಗ, ಅವಳು ಮುನಿಸಿಕೊಂಡರೆ ಕ್ಷಮೆ, ಕೊಡೆ ಕಳೆದರೆ ನಂಬಿಕೆ, ಆಮೇಲೆ ಮಗಳು ಹುಟ್ಟಿದಳು, ಹುಡುಕುವ ಬಳ್ಳಿ ಕಾಲಿಗೆ ತೊಡರಿತು, ಅವಳ ತೊದಲು, ಅವಳ ಬಿದ್ದ ಹಲ್ಲು, ಅವಳ ಕತ್ತಲೆಯ ಭಯ, ಯಾರಿಗೂ ಹೇಳ್ಬೇಡಿ ಅಪ್ಪಾ ಎಂದು ತೋಳು ಹಿಡಿದಿದ್ದಳು, ಆದರೆ ಹೆದರಬೇಡ ಎಂಬ ವಾಕ್ಯಕ್ಕೆ ಅಷ್ಟು ಚೆನ್ನಾಗಿ ಕೂಡಿಬಂದರೆ ಹೇಳದಿರುವುದು ಹೇಗೆ, ಜನ ನಕ್ಕರು, ಕಣ್ಣೂ ಒರೆಸಿಕೊಂಡರು, ಹೊರಗೆ ಒಬ್ಬೊಬ್ಬರೂ ಅವಳ ಕೆನ್ನೆ ಹಿಂಡಿ, ಏನಮ್ಮಾ, ಕತ್ತಲೆ ಅಂದ್ರೆ ಭಯವಂತೆ, ಅಂದೇ ಊಟಕ್ಕೆ ಕೂತಾಗ ಅವಳಮ್ಮ, ನಿಮ್ಮ ಮಗಳು ಏನು ಮಾಡಿದ್ಲು ಗೊತ್ತಾ ಎನ್ನುವಷ್ಟರಲ್ಲಿ ಶಾಯಿ ಅಂಟಿದ ಆ ಪುಟ್ಟ ಅಂಗೈ ಅಮ್ಮನ ಬಾಯಿಗೆ ಅಡ್ಡ ಬಂತು, ಅಮ್ಮಾ, ಅಪ್ಪ ಇದ್ದಾರೆ. ಅವರೂ ಆಗ ನಕ್ಕಿದ್ದರು.

ಆ ನಗು ಈಗ ಚುಚ್ಚುತ್ತದೆ, ಆ ಅಂಗೈ ಮತ್ತೆ ಇಳಿಯಲೇ ಇಲ್ಲ, ಅವಳ ಕೆಲಸ, ಪ್ರೀತಿ, ಮದುವೆ, ಎಲ್ಲವೂ ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ಅವರಿಗೇ, ಮನೆಯವರನ್ನು ಪ್ರಸಂಗಕ್ಕೆ ತರಬಾರದೆಂದು ಅವರು ಕಲಿಯುವಷ್ಟರಲ್ಲಿ ಮನೆಯವರು ಮಾತು ನುಂಗುವುದನ್ನು ಕಲಿತಿದ್ದರು, ನಿನ್ನೆ ಬಂದಳು, ದೊಡ್ಡ ಪೆಟ್ಟಿಗೆ, ಜೊತೆಗೆ ಅಳಿಯ ಇಲ್ಲ, ಯಾರೂ ಏನೂ ಹೇಳಿಲ್ಲ, ಕೇಳಲು ಅವರಿಗೆ ಬಾಯಿ ಬಂದಿಲ್ಲ, ತಾನಾಗಿಯೇ ಹೇಳಲಿ, ದೇವರೇ, ಇದೊಂದು ಸಲ ನನಗೆ ಹೇಳಲಿ — ನಲ್ಲಿ ನಿಂತಿತು, ಹೆಜ್ಜೆ, ಬಾಗಿಲಲ್ಲಿ ಮಗಳು, ಅತ್ತು ಕೆಂಪಾದ ಕಣ್ಣು, ಅಪ್ಪಾ, ನಾಳೆ ಪ್ರಸಂಗ ಬರೆದಾಯ್ತಾ, ಯಾಕಮ್ಮಾ, ಆಗಿದ್ರೆ ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕಿತ್ತು, ಬಾ ಮಗಳೇ, ಕೂತ್ಕೋ, ಎದುರಿನ ಕುರ್ಚಿ ಎಳೆದಳು, ಬಾಯಿ ತೆರೆದಳು, ಕಣ್ಣು ಹಾಳೆಯ ಮೇಲೆ ಬಿತ್ತು — ಯಾವಾಗ ಬರೆದರೋ ಅವರಿಗೇ ತಿಳಿಯದು, ಹುಟ್ಟುಗುಣ ಸುಟ್ಟರೂ ಹೋಗದು, ನಿನ್ನೆ ನಮ್ಮ ಮನೆ ಬಾಗಿಲಿಗೂ ಒಂದು ಪೆಟ್ಟಿಗೆ ಬಂತು, ಎಂಬ ಒಂದೇ ಸಾಲು, ಅಳಿಸಬೇಕು ಅಂತಿದ್ದೆ ಮಗಳೇ ಅನ್ನಬೇಕು, ಮೊಣಕೈ ಅಡ್ಡ ಇಡಬೇಕು, ಎರಡಕ್ಕೂ ತಡವಾಯಿತು, ಅಂಗೈ ಮೇಲೇರುತ್ತಿದೆ, ಈಗ ಪುಟ್ಟದಲ್ಲ, ಉಂಗುರವಿದ್ದ ಬೆರಳಿನಲ್ಲಿ ಬಿಳಿ ಗೆರೆ ಮಾತ್ರ, ನಿಧಾನವಾಗಿ, ಅವಳದೇ ಬಾಯಿಯ ಮೇಲೆ, ಅಂಗೈ